ಗೀರು

ಮಂಡಿ ಮೊಹಲ್ಲಾದ ಗುಜರಿಯಲ್ಲಿ, ಹೊಲಿಗೆ ಮೆಷಿನ್ನಿನ ಕಾಲಡಿ
ಸಿಕ್ಕಿದ್ದಂತೆ ಆ ಪ್ಲೇಟು. ಮೂರೂವರೆ ರೂಪಾಯಿ.
ರಟ್ಟಿನ ಮೇಲೆ ಬೆವರಿದ ಹಾಡುಗಾರ, ಜರಿ ಅಂಗಿ.
ಅಪ್ಪ ಅವನನ್ನು ನೋಡಲೇ ಇಲ್ಲ. ರಟ್ಟು ತಿರುವಿ
ಇರುವೆ ಸಾಲಿನಂಥ ಅಕ್ಷರಕ್ಕೆ ಬೆರಳಿಟ್ಟು
ಟ್ರಂಬೋನು ಯಾರೆಂದು ಹುಡುಕಿದ.

ಅವನದೂ ಟ್ರಂಬೋನೇ. ಪೊಲೀಸ್ ಬ್ಯಾಂಡು, ಎರಡನೇ ಸಾಲು,
ಫೋಟೋದಲ್ಲಿ ಯಾವಾಗಲೂ ಮುಂದಿನವನ ಪೇಟದ ಹಿಂದೆ.

ರಾತ್ರಿ ಗಾಂಧಿನಗರದ ಒಂದೂವರೆ ಕೋಣೆಯಲ್ಲಿ
ಮುಳ್ಳು ಇಳಿಯುತ್ತಿತ್ತು. ಬೇಸ್ ಗಿಟಾರಿಗೆ
ಗೋಡೆಯಾಚೆ ರೆಜಿನಕ್ಕನ ಸ್ಟೀಲ್ ಲೋಟಗಳು ನಡುಗುತ್ತಿದ್ದವು.
ಎರಡನೇ ಹಾಡಿನ ನಡುವೆ ಒಂದು ಗೀರು:
'ಬೇಬಿ' ಅನ್ನಲು ಹೋಗಿ ಬೇ, ಬೇ, ಬೇ.
ಕುರಿಮರಿ ಬಂತು, ಅನ್ನುತ್ತಿದ್ದಳು ಅಮ್ಮ.
ಮುಳ್ಳಿನ ತಲೆಗೆ ನಾಲ್ಕಾಣೆ ಇಟ್ಟರೂ ಜಗ್ಗಲಿಲ್ಲ.

ಸರಸ್ವತಿಪುರಂ ಛತ್ರದಲ್ಲೊಂದು ಆರತಕ್ಷತೆ.
ಅಪ್ಪ, ಅಂಥೋಣಿ, ಮಾದಯ್ಯ, ಒಟ್ಟು ಎಂಟು ಜನ,
ರಜೆ ಹಾಕಿ, ಅದೇ ಹಾಡು.
ಆ ಪ್ಲೇಟಿನಿಂದಲೇ ಕಲಿತವರಲ್ಲವೇ—
ಗೀರು ಬಂದಾಗ ಎಂಟೂ ಜನ
ಮೂರು ಸಲ ಮುಗ್ಗರಿಸಿ, ಒಟ್ಟಿಗೇ ಎದ್ದರು.
ಮದುಮಗನ ಸೋದರತ್ತೆ ಮೂರು ಸಲ ಸೊಂಟ ತಿರುವಿದಳು
ಫ್ರೂಟ್ ಸಲಾಡಿನ ಬಟ್ಟಲು ಕೆಳಗಿಡದೆ.

ಮೊನ್ನೆ ಮಗಳ ಫೋನಿನಲ್ಲಿ ಅದೇ ಹಾಡು.
ಗೀರಿಲ್ಲ. ಸಲೀಸು.
ಒಗ್ಗರಣೆ ಸೌಟು ಹಿಡಿದಿದ್ದ ನನ್ನ ಕಾಲು
ಇಲ್ಲದ ಮೆಟ್ಟಿಲು ಇಳಿಯಿತು.

ಒಲೆ ಆರಿಸಿ,
ಟ್ರಂಬೋನು ಯಾರೆಂದು ನೋಡಲು ಫೋನು ತಿರುವಿದೆ.
ಕವರಿನೊಳಗೆ ಅವಳ ಬಸ್ ಪಾಸು,
ಮಡಚಿದ ಹತ್ತರ ನೋಟು.