ಹನ್ನೊಂದನೆಯ ಪ್ರಶ್ನೆ

ಅಚ್ಚಾಗಿ ಬರುವ ಪ್ರಶ್ನೆಪತ್ರಿಕೆಯಲ್ಲಿ ಇರುವುದು ಹತ್ತೇ.
ಹನ್ನೊಂದನೆಯದನ್ನು ನಾನು ಕೈಯಲ್ಲೇ ಬರೆಯುತ್ತೇನೆ,
ಜೆರಾಕ್ಸ್ ಮಾಡಿಸಿದ ಒಂದೊಂದು ಹಾಳೆಗೂ.
ಟೈಪ್ ಮಾಡಿಸಬಹುದಲ್ಲ ಮೇಡಂ, ಎಂದ ಅಂಗಡಿಯ ಹುಡುಗ.
ಮಾಡಿಸಬಹುದು.
ಬರೆಯುವಾಗ ಸ್ವಲ್ಪ ಕೈ ನೋಯಲಿ ಅಂತ.

ಹಾಸನದ ಈಜುಕೊಳ. ಒಂಬತ್ತು ಅಡಿ ಆಳದ ಮೂಲೆ.
ಭಾನುವಾರ ಬೆಳಿಗ್ಗೆ ಆರಕ್ಕೆ ಬರುತ್ತಾರೆ
ವಿಮಾ ಏಜೆಂಟು, ನರ್ಸು, ಕೆಮಿಸ್ಟ್ರಿ ಮೇಷ್ಟ್ರು,
ಮದುವೆಯಾಗಿ ತಿಂಗಳಾಗದ ಜೋಡಿ.
ಚಳಿಗೆ ಹಲ್ಲು ಕಟಕಟ. ಬೆನ್ನಿಗೆ ಸಿಲಿಂಡರು.
ಕಡಲಿಗೂ ನಮಗೂ ನಡುವೆ ಇಡೀ ಒಂದು ಘಾಟಿ.

ಮೊದಲ ಪಾಠ: ಉಸಿರು ಹಿಡಿಯಬೇಡಿ.
ಕಷ್ಟ. ಹುಟ್ಟಿದಾಗಿನಿಂದ ಕಲಿಸಿದ್ದೇ ಬೇರೆ,
ಮುಳುಗುವಾಗ ಮೂಗು ಹಿಡಿ,
ದೊಡ್ಡವರ ಮುಂದೆ ಉಸಿರೆತ್ತಬೇಡ.
ನೀರೊಳಗೆ ಆ ಸಂಸ್ಕಾರ ಎದೆಯನ್ನೇ ಒಡೆಯುತ್ತದೆ.

ನಾನು ಕಲಿತಾಗ ಒಂಬತ್ತು ದಿನ ಹಿಡಿದಿತ್ತು.
ಈಗ ಶನಿವಾರ ಶುರು, ಭಾನುವಾರ ಕಾರ್ಡು,
ಮೀನಿನ ಜೊತೆಗೊಂದು ಫೋಟೋ ಸೇರಿ.
ಮಾಸ್ಕಿಗೆ ನುಗ್ಗಿದ ನೀರನ್ನು ಮೂಗಿಂದ ಊದಿ ಹೊರಹಾಕಬೇಕು,
ಒಂದು ಸಲ ಮಾಡಿದರೆ ಟಿಕ್.
ಒಂದು ಸಲ ಯಾರು ಬೇಕಾದರೂ ಮಾಡುತ್ತಾರೆ,
ಅಪ್ಪಿತಪ್ಪಿ.

ಜಿನದತ್ತನಿಗೆ ಟಿಕ್ ಹಾಕಿದ್ದು ನಾನೇ.
ಬಸ್‌ಸ್ಟ್ಯಾಂಡ್ ರಸ್ತೆಯ ಕನ್ನಡಕದಂಗಡಿಯವನು,
ಊರಿಗೆಲ್ಲ ದೂರ ಹತ್ತಿರ ಸರಿಮಾಡಿಕೊಡುವವನು.
ಹತ್ತಕ್ಕೆ ಹತ್ತು ತೆಗೆದಿದ್ದ.

ನೇತ್ರಾಣಿಯಲ್ಲಿ ಬೆಳಿಗ್ಗೆ ಮೂರು ಸಲ ಇಳಿದೆವು.
ಎಲ್ಲ ನಿಯಮದ ಪ್ರಕಾರ.
ನಿಧಾನ ಎದ್ದೆವು, ನಿಲ್ಲಬೇಕಾದಲ್ಲಿ ನಿಂತೆವು,
ಗಡಿಯಾರ ನೋಡಿಕೊಂಡು, ಹಗ್ಗ ಹಿಡಿದುಕೊಂಡು.
ಸೋಮವಾರ ಅಂಗಡಿ ತೆಗೆಯಬೇಕಲ್ಲ,
ಊಟ ಮುಗಿಸಿ ಮಧ್ಯಾಹ್ನವೇ ಹೊರಟುಬಿಟ್ಟೆವು.

ಉಪ್ಪಿನಂಗಡಿಯಲ್ಲಿ ಬಾಳೆಕಾಯಿ ಚಿಪ್ಸ್ ತಗೊಂಡ.
ಗುಂಡ್ಯ ದಾಟಿತು. ತಿರುವಿನ ಮೇಲೆ ತಿರುವು.
ಗಾಜಿನ ಹತ್ತಿರ ಇಟ್ಟಿದ್ದ ಪೊಟ್ಟಣ
ಮಾರನಹಳ್ಳಿ ಹೊತ್ತಿಗೆ ಉಬ್ಬಿ ದಿಂಬಾಗಿತ್ತು.
ಬಿಚ್ಚದೆಯೇ ಹೊಟ್ಟೆ ತುಂಬಿಸಿಕೊಂಡಿದೆ ನೋಡಿ, ಎಂದ.
ಇಬ್ಬರೂ ನಕ್ಕೆವು.
ದೋಣಿಗಾಲಿನಲ್ಲಿ ಟೀ ಕುಡಿಯುತ್ತ
ಮೊಣಕೈ ಯಾಕೋ ಹಿಡಿದಂತಿದೆ, ಎಂದ.
ಸಿಲಿಂಡರ್ ಎತ್ತಿದ್ದಕ್ಕಿರಬೇಕು, ಎಂದೆ.
ಎಂದವಳು ನಾನು.
ಕಾರ್ಡಿನ ಮೇಲೆ ಯಾರ ಸಹಿ ಇದೆಯೋ ಅವಳು.

ಸಕಲೇಶಪುರ ಬರುವಷ್ಟರಲ್ಲಿ
ಎಡಗಾಲು ಅವನ ಮಾತು ಕೇಳುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಲಕ್ವ ಅಂದರು. ಮೂವತ್ತೆಂಟು ವರ್ಷದವನಿಗೆ.
ನಿನ್ನೆ ಎಲ್ಲಿದ್ದಿರಿ ಎಂದು ಯಾರೋ ಕೇಳಿದ್ದು ಮರುದಿನ.

ದೋಣಿ ಹತ್ತಿದಾಗಲೇ ಮುಗಿಯಿತು ಅಂದುಕೊಂಡಿದ್ದೆವು, ಮೇಲೇಳುವುದು.
ಹಾಸನದವರು ನಾವು,
ಮನೆಯ ಚಿಲಕ ತೆಗೆಯುವವರೆಗೂ ಏಳುತ್ತಲೇ ಇರುತ್ತೇವೆ,
ಮೂರು ಸಾವಿರ ಅಡಿ.
ರಕ್ತದಲ್ಲಿ ಉಳಿದ ಗಾಳಿಗೆ ಕಾರೂ ಒಂದೇ ನೀರೂ ಒಂದೇ.

ಕಾರ್ಡು ಕೊಡುವವರಿಗೆ ಮೂರು ಪತ್ರ ಬರೆದೆ.
ಉತ್ತರ ಬಂತು, ವಿನಯವಾಗಿಯೇ:
ವಿಷಯ ಪುಸ್ತಕದಲ್ಲಿದೆ, ಇನ್ನೂರ ಆರನೇ ಪುಟ, ಕೆಳಗೆ.
ತೆಗೆದು ನೋಡಿದೆ. ಇದೆ.
ಇರುವೆಸಾಲಿನಂಥ ಅಕ್ಷರ.
ಆ ಪುಟಕ್ಕೆ ಬಂದಾಗ ಇದೇ ಕೊಳದ ಕಟ್ಟೆಯ ಮೇಲೆ ಕೂತು
ಪರೀಕ್ಷೆಗೆ ಬರಲ್ಲ ಬಿಡಿ, ಅಂದಿದ್ದೆ.

ಕಡಲಿಂದೆದ್ದ ಮೇಲೆ ಘಾಟಿ ಹತ್ತುವ ಮುಂಚೆ
ಎಷ್ಟು ಹೊತ್ತು ಕಾಯುತ್ತೀರಿ? ಎಲ್ಲಿ?
ಅಂಗಡಿ ತೆಗೆಯಬೇಕು ಅಂತ ಜೊತೆಗಾರ ಹಟ ಹಿಡಿದರೆ?

ಇದಕ್ಕೆಷ್ಟು ಮಾರ್ಕ್ಸ್ ಮೇಡಂ, ಕೇಳುತ್ತಾರೆ.
ಇಲ್ಲ. ಸಹಿ ಇದೆ ಅಥವಾ ಇಲ್ಲ, ಅಷ್ಟೇ.

ಉಳಿದ ಹತ್ತನ್ನು ನಾನು ತಿದ್ದುತ್ತೇನೆ,
ಇದೊಂದನ್ನು ಅವನು,
ಕೌಂಟರಿಗೆ ಕೋಲು ಒರಗಿಸಿ, ಹಾಳೆ ಕಣ್ಣ ಹತ್ತಿರ ಹಿಡಿದು.
ರಾತ್ರಿ ಅಲ್ಲೇ ಕೆಳಗೆ ಮಲಗುತ್ತೇನೆ ಎಂದು ಬರೆದವರು ಪಾಸು.
ಹೋದ ವಾರ ಮೇಷ್ಟ್ರು ಬಾಯ್ಲನ ನಿಯಮ
ಸೂತ್ರದ ಸಮೇತ, ಒಂದೂವರೆ ಪುಟ ಬರೆದಿದ್ದರು,
ಎಷ್ಟು ಗಂಟೆ ಅನ್ನುವುದೊಂದನ್ನು ಬಿಟ್ಟು.
ಅವನು ನಕ್ಕ, ಬಹಳ ಹೊತ್ತು.
ಆಮೇಲೆ ಕೆಂಪು ಪೆನ್ನಿನಿಂದ ಅಡ್ಡ ಗೆರೆ ಎಳೆದು,
ಮುಂದಿನ ಭಾನುವಾರ ಮತ್ತೆ ಬರಲಿ, ಎಂದ.