ಎರಡು ಪಟ್ಟೆ ಹೆಚ್ಚು

ತಂದ ದಿನದಿಂದಲೂ ಎಡಕ್ಕೆ ವಾಲುತ್ತಿತ್ತು ಫಿಯಟ್ಟು,
ಪಕ್ಕದವರ ಪಿಸುಮಾತು ಕೇಳಿಸಿಕೊಳ್ಳುವ ಹಾಗೆ.
ಎರಡು ತಿಂಗಳು ಹಾಗೇ ಓಡಿಸಿದೆ.
ಎಡಗಡೆಯ ಕಮಾನು ಸೋತಿದೆ ಅಂದುಕೊಂಡೆ.
ಆಮೇಲೆ ಬನ್ನಿಮಂಟಪದ ಷೆಡ್ಡಿನಲ್ಲಿ ಜಾಕಿ ಎತ್ತಿ, ದಿಮ್ಮಿ ಕೊಟ್ಟು,
ಬೆನ್ನ ಕೆಳಗೆ ಗೋಣಿ ಹಾಸಿ ನುಗ್ಗಿದೆ.

ಟಾರ್ಚು ಬಾಯಲ್ಲಿ. ಯಾವ ಯಾವ ಕಾಲದ್ದೋ ಕೆಸರು ಕೆರೆಯುತ್ತಾ
ಎಡಕ್ಕೆ ಎಣಿಸಿದೆ: ಐದು ಪಟ್ಟೆ.
ಪುಸ್ತಕದಲ್ಲಿರುವಂತೆ ಐದು.
ಬಲಕ್ಕೆ ಎಣಿಸಿದೆ: ಏಳು.
ಮತ್ತೆ ಎಣಿಸಿದೆ. ಕಣ್ಣಿಗೆ ಮಣ್ಣು ಬಿತ್ತು. ಏಳೇ.
ಎಡ ಸೋತದ್ದಲ್ಲ,
ಬಲ ಬೀಗಿದ್ದು.

ಆರನೆಯದು ಜೀಪಿನದು, ತುದಿ ಕೊಯ್ದು ಅರ ಹಾಕಿದ್ದು.
ಏಳನೆಯದಕ್ಕೆ ಊರಿಲ್ಲ, ಹೆಸರಿಲ್ಲ.
ಕುಲುಮೆಯಲ್ಲಿ ಬಾಗಿಸಿದ್ದು, ಮೈತುಂಬ ಸುತ್ತಿಗೆಯ ಗುಳಿ,
ಸಿಡುಬು ಬಂದು ಹೋದ ಮುಖ.
ಯು ಬೋಲ್ಟು ಸಾಲದೆ ಉದ್ದದ್ದು ಮಾಡಿಸಿದ್ದಾನೆ ಪುಣ್ಯಾತ್ಮ.
ಮೇಲೆ ಬಡಿಯದಿರಲೆಂದು ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದು ಪ್ಯಾಕಿಂಗು.
ನೀಲಿ. ಇನ್ನೂ ನೀಲಿ.

"ಯಾವನ್ಲಾ ಇದು ಮಾಡ್ದೋನು" ಎಂದೆ, ಕಾರಿನ ಹೊಟ್ಟೆಗೆ.
"ಮಂಡ್ಯದ ಗಾಡಿ ಸಾರ್, ಕಬ್ಬು ತುಂಬ್ಸಿರ್ತಾರೆ"
ಎಂದರು ಖಲೀಲ್ ಸಾಬರು, ಹಚ್ಚದ ಬೀಡಿ ತುಟಿಯಲ್ಲಿಟ್ಟುಕೊಂಡು.
ಕಬ್ಬು ಒಂದೇ ಪಕ್ಕ ಕೂರುತ್ತದೆಯೇ?

ಆರ್.ಸಿ. ಪುಸ್ತಕದಲ್ಲಿ ನನಗಿಂತ ಹಿಂದಿನ ಹೆಸರು
ಮರಿಜೋಗಯ್ಯ, ಗುತ್ತಲು ರಸ್ತೆ, ಮಂಡ್ಯ.
ಕಸುಬು ಬರೆದಿಲ್ಲ.
ಆಳು ದಪ್ಪಗಿದ್ದನೇನೋ ಎಂದರೆ ಓಡಿಸುವವನು ಕೂರುವುದು ಮುಂದೆ,
ಪಟ್ಟೆ ಹಾಕಿಸಿದ್ದು ಹಿಂದಿನ ಚಕ್ರಕ್ಕೆ.
ಅತ್ತೆಯೇ?
ಎಂಥ ಅತ್ತೆಗೂ ಎರಡು ಪಟ್ಟೆ ಯಾರೂ ಹಾಕಿಸುವುದಿಲ್ಲ.

ಮೂರನೆಯ ಭಾನುವಾರ ಹಿಂದಿನ ಸೀಟು ಕಿತ್ತೆ.
ತೆಂಗಿನ ನಾರು, ಇಲಿಗೂಡು, ಹತ್ತು ಪೈಸೆ.
ಬಲಮೂಲೆಯ ತಗಡು ಮಾತ್ರ ತೊಟ್ಟಿಲಿನಂತೆ ಇಳಿದಿತ್ತು,
ಅದರ ಮಡಿಕೆಯಲ್ಲೊಂದು ಮೊಳೆ.
ಟೈರಿಗೆ ಚುಚ್ಚೀತೆಂದು ಎತ್ತಿಕೊಂಡೆ.
ಮೊಳೆಗೆ ಇಷ್ಟು ಭಾರವೇ?
ಮೊಳೆಯೇ. ಅಚ್ಚಿನ ಮೊಳೆ.
ತುದಿಯಲ್ಲಿ ತಿರುಗುಮುರುಗಾದ ಏನೋ ಸುರುಳಿ.
ಗ್ರೀಸು ಸವರಿ ಅಂಗೈಗೆ ಒತ್ತಿದೆ, ಎತ್ತಿದೆ:
ಳು.

ಸೀಸ!
ಸವೆದ ಅಕ್ಷರಗಳನ್ನು ಡಬ್ಬಿಗೆ ತುಂಬಿ ಮೈಸೂರಿಗೆ ತಂದು ಕರಗಿಸಿ
ಹೊಸ ಎರಕ ಹೊಯ್ಯಿಸಿಕೊಂಡು ಒಯ್ದಿರಬೇಕು.
ಶ್ರೀರಂಗಪಟ್ಟಣದ ಸೇತುವೆಯ ಮೇಲೆ
ಬಲಬದಿಗೆ ಅಕಾರದಿಂದ ಳಕಾರದ ತನಕ,
ದೀರ್ಘ, ಒತ್ತು, ಸೊನ್ನೆ ಸಮೇತ
ಗುಂಡಿಗೊಮ್ಮೆ ಕುಲುಕಿರಬೇಕು ಇಡೀ ಕಾಗುಣಿತ.
ಎಡಬದಿಗೆ ಯಾರು?
ಮೊಳೆ ಜೋಡಿಸುವ ಹುಡುಗನೋ, ಹೆಂಡತಿಯೋ,
ಬರೀ ಒಂದು ಊಟದ ಕ್ಯಾರಿಯರ್ರೋ. ತಿಳಿಯದು.

ಮೂವತ್ತೊಂದು ವರ್ಷ ವಿದ್ಯುತ್ ಕಚೇರಿಯಲ್ಲಿ ಬಿಲ್ಲು ಬರೆದೆ,
ಒಂದಕ್ಷರ ಎಷ್ಟು ತೂಗುತ್ತದೆಂದು ಕೇಳಿರಲಿಲ್ಲ.
ಅವನು ಕುಲುಮೆಗೆ ಹೋಗಿ ಕೇಳಿ ಬಂದಿದ್ದಾನೆ.

ಪೆಟ್ಟಿಗೆಯಲ್ಲಿ ಉಳಿದಿದ್ದ ಕೊನೆಯದು ಇದೇ ಆಗಿದ್ದರೆ
ಆ ಮಾಘದಲ್ಲಿ ಯಾರದೋ ಲಗ್ನಪತ್ರಿಕೆಯಲ್ಲಿ
ಮಗಳು ಬರೀ ಮಗ ಆಗಿ
ಎರಡು ಗಂಡಿಗೆ ಮುಹೂರ್ತ ಇಟ್ಟಂತಾಗಿರಬೇಕು.
ಬೀಗರು ನಕ್ಕರೋ,
ಮರಿಜೋಗಯ್ಯನ ದುಡ್ಡು ಹಿಡಿದರೋ.

"ತೆಗೆಯೋದಾ ಸಾರ್, ಬಿಡೋದಾ?"
ಪ್ರದರ್ಶನಕ್ಕೆ ಒಯ್ಯಬೇಕಾದರೆ ಐದೇ ಇರಬೇಕು.
ಸಾಬರು ಚಾ ಕುಡಿದು ಬಂದರು, ನಮಾಜು ಮಾಡಿ ಬಂದರು,
ನಾನಿನ್ನೂ ಹೂಂ ಅಂದಿರಲಿಲ್ಲ.
ಕತ್ತಲಾಗುವ ಹೊತ್ತಿಗೆ ತೆಗೆದೆವು.

ಆರನೆಯದು ಗುಜರಿಗೆ ಹೋಯಿತು. ಏಳನೆಯದನ್ನು ಕೊಡಲಿಲ್ಲ.
ಸಿದ್ಧಲಿಂಗಪುರದ ತನಕ ಓಡಿಸಿ ನೋಡಿದೆ.
ಕಾರು ನೆಟ್ಟಗಿತ್ತು.
ಎರಡು ತಿಂಗಳ ರೂಢಿಗೆ ನಾನೇ ಬಲಕ್ಕೆ ವಾಲಿ ಕೂತಿದ್ದೆ,
ಬೂದಿಬಟ್ಟಲಲ್ಲಿ ಮೊಳೆ
ಗುಂಡಿ ಬಂದಾಗಲೆಲ್ಲ ಟಿಣ್ ಅನ್ನುತ್ತಿತ್ತು.