ಕಲಂ ಏಳು

ಬೆಳಗಿನ ಗಾಡಿಗೆ ವಾಡಿ ಜಂಕ್ಷನ್ನಿನಲ್ಲಿ ಇಳಿದೆ.
ಸಿಮೆಂಟಿನ ಧೂಳು ಬೇವಿನೆಲೆಯ ಮೇಲೆ, ಬೆಂಚಿನ ಮೇಲೆ,
ಮಲಗಿದ ನಾಯಿಯ ರೆಪ್ಪೆಯ ಮೇಲೂ.
ಚೀಲದಲ್ಲಿ ನಲವತ್ತೆರಡು ಪ್ರಶ್ನೆ,
ಹಣ ಕೊಟ್ಟವರ ಲೆಕ್ಕ, ಖರ್ಚಾದದ್ದರ ಲೆಕ್ಕ,
ಮತ್ತೆ ಕಲಂ ಏಳು:
ಸಾಗಣೆಯಿಂದ ರಕ್ಷಿಸಲ್ಪಟ್ಟವರು, ನೂರಾ ಹದಿನೆಂಟು.

ಹೆಡ್ ಕಾನ್‌ಸ್ಟೆಬಲ್ ಕಸ್ತೂರಿ ಚಹಾ ಹೇಳಿದಳು,
ಬಶಿಗೆ ಸುರುವಿಕೊಂಡು ಊದುತ್ತ ಅಂದಳು:
"ತರಬೇತಿ ಛಲೋ ಇತ್ರೀ. ಮೂರು ದಿನ, ಕಲಬುರಗಿ ಹೋಟೆಲದಾಗ.
ಮಾನವ ಹಕ್ಕು ಅಂತ ಪರದೆ ಮ್ಯಾಲ ತೋರಿಸಿದ್ರು,
ಪ್ಯಾಡು ಕೊಟ್ರು, ಪೆನ್ನು ಕೊಟ್ರು, ಊಟಕ್ಕ ಪನೀರು.
ವಾಪಸ್ ಬಂದ ಮರುದಿನಾನೇ ಜೀಪು ಬಂದೋಬಸ್ತಿಗಿ ಹೋತು.
ರಾತ್ರಿ ಫೋನು, ಹುಡುಗೀನ್ನ ಗಾಡಿ ಹತ್ತಸಲತ್ತಾರ ಅಂತ.
ಠಾಣಾದಿಂದ ಇಲ್ಲಿತನಕ ಟಂಟಂ ಮಾಡಿಕೊಂಡು ಬಂದೆ,
ಇನ್ನೂರಾ ಎಂಬತ್ತು, ನನ್ನ ಕಿಸೆದಿಂದ.
ಅದಕ್ಕೊಂದು ಕಲಂ ಅದ ಏನ್ರೀ?"

ಇರಲಿಲ್ಲ.
ಹಾಳೆಯ ಅಂಚಿಗೆ ಬರೆದುಕೊಂಡೆ: ೨೮೦.

ಠಾಣೆಯಲ್ಲಿ ಗುಲಾಬಿ ಬಣ್ಣ ಬಳಿದ ಕೋಣೆ.
ಮಕ್ಕಳ ಭಯ ಕಳೆಯಲೆಂದು ಕೊಟ್ಟ ಕರಡಿ ಬೊಂಬೆ
ಪ್ಲಾಸ್ಟಿಕ್ ಚೀಲದೊಳಗೇ ಉಸಿರು ಬಿಗಿಹಿಡಿದು ಕೂತಿದೆ,
ಅದರ ತೊಡೆಯ ಮೇಲೆ ಯಾರದೋ ಹೆಲ್ಮೆಟ್ಟು.
ಕಡತದಲ್ಲಿ ಫೋಟೋಗಳು, ಪ್ರತಿ ಕಣ್ಣಿಗೂ ಕಪ್ಪು ಪಟ್ಟಿ.
ಗೌಪ್ಯತೆ ಪಾಲನೆ: ಹೌದು.
ಟಿಕ್ ಹಾಕಿದೆ.
ಪುಟ ತಿರುವುವಾಗ ಕೈ ನಿಂತಿತು.
ಇಪ್ಪತ್ಮೂರು, ಐವತ್ತೇಳು, ನೂರಾ ನಾಲ್ಕು,
ಹೆಸರು ಬೇರೆ, ಊರು ಬೇರೆ,
ಗದ್ದದ ಎಡಕ್ಕೆ ಅದೇ ಸುಟ್ಟ ಕಲೆ.

ಕಸ್ತೂರಿ ನನ್ನನ್ನೇ ನೋಡುತ್ತಿದ್ದಳು.
"ನಡೀರಿ," ಅಂದಳು.

ಕಲಬುರಗಿಯ ಹೊರಗೆ ದಾಲ್ ಮಿಲ್.
ತೊಗರಿ ಒಡೆಯುವ ಸದ್ದಿಗೆ ಮಾತೆಲ್ಲ ಅರ್ಧರ್ಧ.
ಹೊಟ್ಟಿನ ರಾಶಿಯ ಹಿಂದೆ, ತಲೆಗೆ ಟವೆಲು ಸುತ್ತಿದವಳು
ನನಗೆ ಖಾಲಿ ಗೋಣಿ ಹಾಸಿ, ತಾನು ನೆಲಕ್ಕೆ ಕೂತಳು.
"ಮೊದಲ ಸಲ ಸೋಲಾಪುರದಾಗ ಸಿಕ್ಕೆ, ಸುಗುಣಾ ಅಂದೆ.
ಎರಡನೇದು ಪುಣೆದಾಗ, ಜಮುನಾ.
ಮೂರನೇ ಸಲ ಇಲ್ಲೇ ವಾಡಿದಾಗ, ಈ ಅಕ್ಕ ಇಳಿಸಿದ್ಲು,
ಶಹನಾಜ್ ಅಂದೆ. ಬರಕೊಂಡ್ಲು."
ಯಾಕೆ, ಅಂದೆ.
"ಖರೆ ಹೆಸರು ಹೇಳಿದ್ರ ಖರೆ ಮನಿಗಿ ಕಳಸ್ತಾರಲ್ರೀ.
ಮಾರಿದಾವ ಅಲ್ಲೇ ಇದ್ದ.
ಮೊದಲೆರಡು ಸಲ ಹುಡುಕಿ ಹುಡುಕಿ ಅಲ್ಲೇ ಮುಟ್ಟಿಸಿದ್ರು,
ಸಹಿ ಮಾಡಿಸ್ಕೊಂಡು."

ಮೂರನೆಯ ನಮೂದು ಈಗ ಕಣ್ಣಿಗೆ ಕಟ್ಟಿತು:
ಕುಟುಂಬಕ್ಕೆ ಒಪ್ಪಿಸಲಾಗಿದೆ, ವಿಳಾಸ ಶಹಾಬಾದ್.
"ನಮ್ಮಕ್ಕನ ಮನಿ ಅದು," ಕಸ್ತೂರಿ ನೆಲ ನೋಡುತ್ತ ಅಂದಳು.
"ನಿಯಮದ ಪ್ರಕಾರ ತಪ್ಪೇ. ಬರೀರಿ ಬೇಕಾದ್ರ."

ಲಾಡ್ಜಿನ ರಾತ್ರಿ, ಕರೆಂಟಿಲ್ಲ.
ಮೊಬೈಲಿನ ಬೆಳಕಲ್ಲಿ ಕಲಂ ಏಳು.
ಎರಡು ಕಳೆದರೆ ನೂರಾ ಹದಿನಾರು.
ಕಪ್ಪು ಪಟ್ಟಿಯ ಹಿಂದೆ ಇನ್ನೆಷ್ಟು ಜನ ಎಷ್ಟೆಷ್ಟು ಸಲ?
ಉಳಿದವಳೊಬ್ಬಳು ಉಳಿದದ್ದು
ಒಂದು ಸುಳ್ಳು ನಮೂದಿನಿಂದ.
ಅದನ್ನು ಬರೆದರೆ ಕಸ್ತೂರಿಗೆ ನೋಟೀಸು,
ಬಿಟ್ಟರೆ ಇನ್ನೊಬ್ಬಳು ನಾಳೆ
ಪೊಲೀಸು ಕಾವಲಿನಲ್ಲೇ ಮನೆಗೆ.
ವಾಕ್ಯಗಳನ್ನು ಮಂಡಿಸಿ, ಅಳಿಸಿ, ಮಂಡಿಸಿದೆ.
'ಮನೆ ಸುರಕ್ಷಿತವೇ ಎಂದು ಮೊದಲು ವಿಚಾರಿಸತಕ್ಕದ್ದು.'
ಎಷ್ಟು ಸಪ್ಪೆ! ಆದರೂ ಅಷ್ಟನ್ನೇ ಬಿಟ್ಟೆ, ದಪ್ಪಕ್ಷರದಲ್ಲಿ.
ಟಂಟಂ ಬಾಡಿಗೆಯನ್ನು ನನ್ನ ಪ್ರಯಾಣದ ಖರ್ಚಿನಲ್ಲಿ ತೋರಿಸಿದೆ.
ತಿಂಗಳಾದ ಮೇಲೆ ಆಫೀಸಿನಿಂದ ಒಂದೇ ಸಾಲು:
ರಸೀದಿ ಲಗತ್ತಿಸಿ.

ಮಿಲ್ಲಿನ ಗೇಟಿನ ತನಕ ಬಂದಿದ್ದಳು ಅವಳು,
ಕೂದಲಲ್ಲೆಲ್ಲ ತೊಗರಿಯ ಪುಡಿ.
"ಎಲ್ಲಾ ಕೇಳಿದ್ರಿ. ನಿಮ್ಮ ಹೆಸರೇನ್ರೀ?"
ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿತ್ತು.
ಆದರೂ ಒಂದು ಗಳಿಗೆ
ಬಾಯಿ ತೆರೆಯಲಿಲ್ಲ.